ಮಾಚರಸನ ಅಂಗಳದ ಗರಗಸ

ಕೇಳಿ ಮಕ್ಕಳೇ, ಹೊಳೆಯ ಎರಡೂ ದಡಕ್ಕೆ ಹಬ್ಬಿದ ಒಂದು ರಾಜ್ಯವಿತ್ತಂತೆ. ಅಲ್ಲಿ ಊರಿಗೊಂದು ಗಿಣಿ. ಅರಮನೆಯ ಅಪ್ಪಣೆಯನ್ನು ಕೆಲಸಗಾರರಿಗೆ ಒಪ್ಪಿಸುವುದೇ ಅದರ ಉದ್ಯೋಗ. ಬಂದದ್ದನ್ನು ಬಂದಹಾಗೇ ಹೇಳಬೇಕು. ಒಂದು ಮಾತು ಬದಲಾದರೂ ರೆಕ್ಕೆಗೆ ಕತ್ತರಿ.

ಕಡವಿನಪೇಟೆಯ ಗಿಣಿಯ ಹೆಸರು ಪಚ್ಚೆ. ಪಾಪ, ಬಲು ನಿಯತ್ತಿನ ಜೀವ.

ಮಳೆಗೆ ಮೊದಲು ಎಲ್ಲ ಊರಿಗೂ ಮರದ ಸೇತುವೆ ಆಗಬೇಕಿತ್ತು. ಮಂತ್ರಿ ಮಾಚರಸ ತನ್ನ ಅಂಗಳದಲ್ಲಿ ಒಂದು ಮಾದರಿ ಕಟ್ಟಿಸಿದ. ಅದೇ ಕ್ರಮವನ್ನು ಅಪ್ಪಣೆ ಮಾಡಿ ಕಳಿಸಿದ: “ಗರಗಸ ಮುಂದಕ್ಕೆ ತಳ್ಳಿ ಕೊಯ್ಯಿರಿ. ಹಿಂದಕ್ಕೆ ಎಳೆದು ಕೊಯ್ಯಕೂಡದು.”

ಪಚ್ಚೆ ಹಾಗೇ ಹೇಳಿತು. ಆದರೆ ಕಡವಿನಪೇಟೆಯ ಗರಗಸದ ಹಲ್ಲು ಹಿಡಿಯ ಕಡೆಗೆ ಬಾಗಿದ್ದವು. ಎಳೆದರೆ ಮಾತ್ರ ಕೊಯ್ಯುವಂಥವು. ಬಡಗಿಗಳು ತಳ್ಳಿದರು, ಅಲಗು ಬಾಗಿತು.

“ಮರ ಕೊಯ್ತಿಲ್ಲ ಸ್ವಾಮಿ, ನಮ್ಮ ಗರಗಸವೇ ಬೇರೆ,” ಎಂದು ಪಚ್ಚೆ ಅರಮನೆಗೆ ಹಾರಿಹೋಗಿ ಹೇಳಿತು.

“ನನ್ನ ಅಂಗಳದಲ್ಲಿ ಕೊಯ್ತಲ್ಲ,” ಎಂದ ಮಾಚರಸ. ಅದೇ ಅಪ್ಪಣೆಯನ್ನು ಡಂಗುರ ಹೊಡೆಸಿ ಕಳಿಸಿದ. ಮತ್ತೆ ತಳ್ಳಿದರು, ಮತ್ತೆ ಬಾಗಿತು.

“ನನ್ನ ಅಂಗಳದಲ್ಲಿ ಕೊಯ್ತಲ್ಲ.” ಈ ಸಲ ಅದೇ ಅಪ್ಪಣೆಯ ಜೊತೆ ಕತ್ತಿ ಹಿಡಿದ ಭಟರೂ ಬಂದರು. ಕತ್ತಿ ಕಂಡರೆ ಗರಗಸದ ಹಲ್ಲು ತಿರುಗುತ್ತದೆಯೇ? ಮತ್ತೆ ತಳ್ಳಿದರು, ಅಲಗು ಮುರಿಯಿತು.

ಮಾಚರಸ ರಾಜನ ಕಿವಿ ಊದಿದ: “ಗಿಣಿ ನನ್ನ ಅಪ್ಪಣೆ ತಿರುಚಿದೆ. ರೆಕ್ಕೆ ಕತ್ತರಿಸಿ.”

ರಾಜ ಪಚ್ಚೆಯನ್ನು ಸಭೆಗೆ ಕರೆಸಿದ. ಹಾರದ ಗಿಣಿಗೆ ಬದುಕೆಲ್ಲಿ? ಆದರೂ ಧೈರ್ಯ ಮಾಡಿ ಹೇಳಿತು, “ಮಹಾಪ್ರಭು, ನಮ್ಮೂರ ಬಡಗಿಗಳು ಇನ್ನೊಂದು ಗರಗಸ, ಮರದ ತುಂಡು ತಂದಿದ್ದಾರೆ. ಮಂತ್ರಿಗಳು ತಮ್ಮ ಅಪ್ಪಣೆಯ ಹಾಗೇ ಕೊಯ್ದು ತೋರಿಸಲಿ. ಕೊಯ್ದರೆ ರೆಕ್ಕೆ ನಾನೇ ಚಾಚ್ತೀನಿ.”

“ಇದೇನು ಮಹಾ,” ಎಂದು ಮಾಚರಸ ತೋಳೇರಿಸಿದ. ತಳ್ಳಿದ, ಜಾರಿತು. ತಳ್ಳಿದ, ಬಾಗಿತು. ಸಿಟ್ಟಿನಿಂದ ತಳ್ಳಿದ, ಅಲಗು ಮರದಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಬಲವಾಗಿ ಹಿಂದಕ್ಕೆ ಎಳೆದ. ಸರ್ರನೆ ಮರ ಕೊಯ್ದು, ಹೊಟ್ಟು ಅವನ ಪಾದದ ಮೇಲೆ ಉದುರಿತು.



ರಾಜನೆಂದ, “ಮಾಚರಸ, ಎಳೆದು ಕೊಯ್ಯಕೂಡದು ಅಂದವನು ನೀನು. ಎಳೆದು ಕೊಯ್ದವನೂ ನೀನೇ. ಕತ್ತರಿಸಲು ನಿನಗೆ ರೆಕ್ಕೆಯಿಲ್ಲ, ಮಂತ್ರಿಯ ಮುದ್ರೆಯುಂಗುರ ಬಿಚ್ಚಿಡು.”

ಅಂದೇ ಹೊಸ ಅಪ್ಪಣೆ ಹೊರಟಿತು: “ಸೇತುವೆ ಗಟ್ಟಿಯಾಗಿರಲಿ. ನಿಮ್ಮ ಗರಗಸ ಹೇಗೆ ಕೊಯ್ಯುತ್ತದೋ ಹಾಗೆ ಕೊಯ್ಯಿರಿ.” ಅದನ್ನು ಕಡವಿನಪೇಟೆಗೆ ಒಯ್ದದ್ದು ಪಚ್ಚೆಯೇ, ತನ್ನ ರೆಕ್ಕೆ ಬಡಿದು ಹಾರಿಕೊಂಡು. ಮೊದಲ ಮಳೆಗೆ ಸೇತುವೆ ಎದ್ದು ನಿಂತಿತ್ತು.

ನೀತಿ ಇಷ್ಟೇ ಮಕ್ಕಳೇ: ನಿಮ್ಮ ಅಂಗಳದಲ್ಲಿ ನಡೆದದ್ದು ಇನ್ನೊಬ್ಬರ ಅಂಗಳದಲ್ಲಿ ನಡೆಯದಿದ್ದರೆ ಅವರನ್ನು ಬೈಯುವ ಮೊದಲು, ಅವರ ಕೈಯಲ್ಲಿರುವ ಗರಗಸ ನೋಡಿ.