ಹೊನ್ನಲದೇವಿಯ ಮೂರನೆಯ ಒಗಟು

"ಕೇಳಿರಪ್ಪೋ ಕೇಳಿ! ಚಕ್ರವರ್ತಿ ವಿಜಯಮಾರ್ತಾಂಡರ ಅಪ್ಪಣೆ! ಪಟ್ಟದರಸಿ ಹೊನ್ನಲದೇವಿಯವರ ಮೂರು ಒಗಟು ಬಿಡಿಸಿದವನಿಗೆ ಮಂತ್ರಿ ಪದವಿ, ಸೋತವನಿಗೆ ಶೂಲ!"

ಅಪ್ಪಣೆ ಚಕ್ರವರ್ತಿಯದಂತೆ ಎಂದು ಊರಿನವರು ಒಳಗೊಳಗೇ ನಕ್ಕರು. ಯುದ್ಧವಾಗಲಿ, ಸುಂಕವಾಗಲಿ, ಸಿಂಹಾಸನದ ಹಿಂದಿನ ತೆರೆಯೊಳಗೆ ಅರಸಿಯ ಬಳೆ ಒಮ್ಮೆ ಸದ್ದಾದರೆ ಚಕ್ರವರ್ತಿ ಹೂಂ ಅನ್ನುವರು. ಎರಡು ಸಲವಾದರೆ ಉಹೂಂ.

ಮೊದಲು ದಂಡನಾಯಕ ಮಾಚರಸ ಮೀಸೆ ತಿರುವುತ್ತ ಬಂದ.

"ಚಕ್ರವರ್ತಿ ಯಾರೆದುರು ತಲೆ ತಗ್ಗಿಸುತ್ತಾರೆ?" ಎಂದು ಅರಸಿ ತೆರೆಯೊಳಗಿಂದ ಕೇಳಿದಳು.

"ಯಾರೆದುರೂ ಇಲ್ಲ!" ಎಂದು ಗುಡುಗಿದ. ಬಳೆ ಎರಡು ಸಲ ಸದ್ದಾಯಿತು. ಶೂಲಕ್ಕೇರಿಸುವವರೆಗೆ ಇರಲೆಂದು ಅವನನ್ನು ಸೆರೆಮನೆಗೆ ಒಯ್ದರು.

ಆಮೇಲೆ ಬಂದ ಪಂಡಿತ ನಾಗದೇವ ಭಟ್ಟರು ಅದೇ ಒಗಟಿಗೆ "ಕುಲದೇವರೆದುರು" ಎಂದರು.

"ಕಿರೀಟ ಬಿದ್ದೀತೆಂದು ನಮ್ಮವರು ಅಲ್ಲೂ ಬಗ್ಗುವುದಿಲ್ಲ ಭಟ್ಟರೇ" ಎಂದಳು ಅರಸಿ. ಭಟ್ಟರೂ ಸೆರೆಮನೆ ಸೇರಿದರು.

ಮಾರನೆಯ ಬೆಳಿಗ್ಗೆ ಬುಟ್ಟಿ ಹೆಣೆಯುವ ಮೇದರ ಬೊಮ್ಮ ಬಂದು ನಿಂತ.

"ಮಂತ್ರಿಯಾಗಬೇಕೇನಪ್ಪಾ?"

"ಇಲ್ಲ ತಾಯಿ. ಭಟ್ಟರು ನನಗೆ ಅಕ್ಷರ ಕಲಿಸಿದೋರು. ಅವರನ್ನ ಬಿಡಿಸ್ಕೋಬೇಕು."

ಅರಸಿ ಮೊದಲ ಒಗಟನ್ನೇ ಕೇಳಿದಳು.

"ಕ್ಷೌರದವನೆದುರು ತಾಯಿ. ಕತ್ತಿ ಅವನ ಕೈಲಿರ್ತದಲ್ಲ!"

ಬಳೆ ಒಮ್ಮೆ ಸದ್ದಾಯಿತು.

"ಅಂತಃಪುರದಲ್ಲಿ ಒಬ್ಬಳು ಬಿತ್ತಿದರೆ ಊಟದ ಹೊತ್ತಿಗೆ ಊರೆಲ್ಲ ಕೊಯ್ಯುವ ಬೆಳೆ ಯಾವುದು?"

"ಚಾಡಿ. ಅದಕ್ಕೆ ಮಳೆಯೂ ಬೇಡ, ಗೊಬ್ಬರವೂ ಬೇಡ."

ಮತ್ತೆ ಒಂದೇ ಸದ್ದು.

"ಮಾತು ಒಬ್ಬರದು, ಬಾಯಿ ಇನ್ನೊಬ್ಬರದು. ಬಾಯಿಗೆ ಕಿರೀಟ, ಮಾತಿಗೆ ತೆರೆ. ಏನದು?"

ಸಭೆಯವರೆಲ್ಲ ತಮ್ಮ ಕಾಲಬೆರಳು ನೋಡತೊಡಗಿದರು. ಉತ್ತರ ಎಲ್ಲರಿಗೂ ಗೊತ್ತಿತ್ತು. ಹೇಳಿದರೆ ತಲೆ ಉಳಿಯದೆಂಬುದೂ ಗೊತ್ತಿತ್ತು. ಬೊಮ್ಮ ಕಣ್ಣು ಮುಚ್ಚಿಕೊಂಡು ಹೇಳಿಯೇಬಿಟ್ಟ:

"ಅದು... ಚಕ್ರವರ್ತಿಗಳ ಅಪ್ಪಣೆ."

ಚಕ್ರವರ್ತಿ ಧಡಕ್ಕನೆ ಎದ್ದರು. "ಏನಂದೆ?"

"ತಪ್ಪಾಯ್ತು ಬುದ್ಧೀ! ನಮ್ಮನೇಲೂ ಹಂಗೇ. ಅವ್ವ ಹೇಳ್ಕೊಡ್ತಾಳೆ, ಅಪ್ಪ ಗದರ್ತಾನೆ. ಅದಕ್ಕೇ ನಮ್ಮನೆ ಒಲೆ ಒಂದು ದಿನಾನೂ ಆರಿಲ್ಲ."

ಚಕ್ರವರ್ತಿ ಮೆಲ್ಲಗೆ ಕೂತರು. ಮುಂದೆ ಬಾಗಿ ಪಿಸುಗುಟ್ಟಿದರು: "ನಿಮ್ಮಪ್ಪನೂನಾ?"

"ಹೂಂ ಬುದ್ಧೀ."

ಇಪ್ಪತ್ತು ವರ್ಷ ಬಿಗಿಹಿಡಿದಿದ್ದ ಉಸಿರು ಬಿಟ್ಟಂತೆ ಚಕ್ರವರ್ತಿ ಗೊಳ್ಳನೆ ನಕ್ಕರು. ತೆರೆಯೊಳಗೂ ನಗು ಕೇಳಿಸಿತು.

"ಎಲ್ಲರಿಗೂ ಗೊತ್ತಿರುವುದನ್ನು ಎದುರು ನಿಂತು ಹೇಳುವವನೊಬ್ಬ ನಮಗೆ ಬೇಕಿತ್ತು" ಎಂದಳು ಅರಸಿ. "ಭಟ್ಟರೂ ದಂಡನಾಯಕರೂ ಮನೆಗೆ ಹೋಗಲಿ. ಮಂತ್ರಿ ಪದವಿ ನಿನ್ನದು."

ಬೊಮ್ಮ ತಲೆ ಕೆರೆದುಕೊಂಡ. "ಮನೇಲಿ ಕೇಳ್ಕೊಂಡು ಬರ್ತೀನಿ ತಾಯಿ."

ಮನೆಯಲ್ಲಿ ಅವ್ವ ಒಪ್ಪಿದಳು. ಅಪ್ಪ ಗಂಟಲು ಸರಿಮಾಡಿಕೊಂಡು ಅಪ್ಪಣೆ ಕೊಟ್ಟ.