ನೋಯಿಸದ ಗೆಳತಿ

ದೇಶ ದೇಶ ಸುತ್ತುವ ಮಂದಾಕಿನಿಯ ಬಲಗಿವಿಗೆ ಇಬ್ಬರು ಗೆಳತಿಯರಿದ್ದರು. ಒಬ್ಬಳು ಎಳವೆಯಲ್ಲೇ ಕಿವಿ ಚುಚ್ಚಿಸಿ ತೊಡಿಸಿದ ಹರಳಿನೋಲೆ, ಇನ್ನೊಬ್ಬಳು ಮೊನ್ನೆಯಷ್ಟೇ ಬಂದ ದುಬಾರಿ ಇಯರ್‌ಬಡ್.

"ಎಷ್ಟು ಮೆತ್ತಗಿದ್ದೀಯೇ ಮಾರಾಯ್ತಿ! ಒಳಗಿರುವುದೇ ಗೊತ್ತಾಗುವುದಿಲ್ಲ," ಎಂದು ಕಿವಿ ಇಯರ್‌ಬಡ್ಡನ್ನು ಹೊಗಳಿತು.

"ಬಿಟ್ಟುಹೋದರೂ ಗೊತ್ತಾಗುವುದಿಲ್ಲ," ಎಂದಿತು ಓಲೆ. "ನಿನ್ನೆ ಹಾಡಿನ ನಡುವೆಯೇ ಮೂಕಿಯಾಗಿದ್ದಳು."

"ನೀನು ಬಂದ ದಿನ ರಕ್ತ ಬರಿಸಿದವಳು. ಇವಳು ಒಮ್ಮೆಯೂ ನೋಯಿಸಿಲ್ಲ," ಎಂದು ಕಿವಿ ಅದರ ಬಾಯಿ ಮುಚ್ಚಿಸಿತು.

ಆಗಲೇ ಊರಿನ ಆಸ್ಪತ್ರೆಯಿಂದ ಸೋದರಮಾವನ ಕರೆ ಬಂತು. ಕಿವಿ ಚುಚ್ಚಿಸುವಾಗ ಮಂದಾಕಿನಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದವರು ಅವರೇ. ಈಗ ಅವರ ಉಸಿರು ಸಣ್ಣಗಾಗಿತ್ತು.

"ಪುಟ್ಟೀ, ಹೋಗುವ ಮುಂಚೆ ನಿನಗೊಂದು ಮಾತು ಹೇಳಬೇಕು..."

ಇಯರ್‌ಬಡ್ ಮೌನವಾಯಿತು.

ಮಂದಾಕಿನಿ ಅದನ್ನು ಒತ್ತಿದಳು, ತಿರುವಿದಳು, ಕೊನೆಗೆ ಕಿತ್ತು ಅಂಗೈಯಲ್ಲಿ ಹಿಡಿದು ಫೋನನ್ನೇ ಕಿವಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಆ ಕಡೆ ಅತ್ತೆ ಅಳುತ್ತಿದ್ದರು.

"ಹೋಗಿಬಿಟ್ಟರು ಕಣೇ. ನಾನು ಬಾಗಿಲಾಚೆ ಇದ್ದೆ. ಕೊನೆಯ ಮಾತು ನಿನ್ನ ಜೊತೆಗೇ ಆಡಿದರು, ಅಷ್ಟಾದರೂ ಆಯಿತಲ್ಲ."

"ಹೌದತ್ತೆ," ಎಂದಳು ಮಂದಾಕಿನಿ.

"ಮಾವ ಏನು ಹೇಳಿದರು?" ಕಿವಿ ಇಯರ್‌ಬಡ್ಡನ್ನು ಕೇಳಿತು.

"ತಿಳಿಯದು. ಆಗ ನಾನಿರಲಿಲ್ಲ," ಎಂದಿತು ಅದು ಅಂಗೈಯಿಂದ. "ನಿನಗೆ ನೋವಾಗಲಿಲ್ಲ ತಾನೇ?"

ಮಾವನ ತೊಡೆಯ ಮೇಲೆ ಚುಚ್ಚಿಸಿಕೊಂಡ ಕಿವಿಯ ಆ ಸಣ್ಣ ತೂತು ಇಷ್ಟು ವರ್ಷಗಳ ಮೇಲೆ ಮತ್ತೆ ಉರಿಯತೊಡಗಿತ್ತು. ಓಲೆ ಅದನ್ನು ಹಿಡಿದುಕೊಂಡೇ ಇತ್ತು.