ಹಲ್ಲಿ ಕೇಳಿದ ಮುಷ್ಕರ

ಬೀಡಿ ಕಾರ್ಮಿಕರ ಸಂಘದ ಕಪಾಟಿನಲ್ಲಿ ಮೊಟ್ಟೆಯಿಡಲು ಜಾಗ ಹುಡುಕುತ್ತಿದ್ದ ಹಲ್ಲಿ, ಡಬ್ಬಿಯಲ್ಲಿದ್ದ ಹಳೆಯ ಕ್ಯಾಸೆಟ್ಟಿಗೆ ಹೇಳಿತು: "ಡಬ್ಬಿ ಬಿಟ್ಟು ಹೊರಡು. ನಿನ್ನೊಳಗಿರುವುದು ಯಾವತ್ತೋ ಮುಗಿದ ಮುಷ್ಕರದ ಗದ್ದಲ."

"ಮೊದಲು ಕೇಳು, ಆಮೇಲೆ ಹೇಳು," ಎಂದಿತು ಕ್ಯಾಸೆಟ್.

ಅಷ್ಟರಲ್ಲಿ ಸಂಘದವರು ಬಂದು, ಬೂಷ್ಟು ಒರೆಸಿ, ಕ್ಯಾಸೆಟ್ಟನ್ನು ಟೇಪ್‌ರೆಕಾರ್ಡರಿಗೆ ಹಾಕಿದರು. ನಲವತ್ತು ವರ್ಷದ ಹಿಂದಿನ ಮುಂದಾಳು ಖಾತುನಬಿ ಗುಡುಗಿದಳು: "ನಮ್ಮನ್ನೂ ಮನುಷ್ಯರು ಅನ್ನೋವರೆಗೂ ಈ ಕೈ ಎಲೆ ಮುಟ್ಟಲ್ಲ!"

ಆ ಮಾತಿನ ಬೆನ್ನಿಗೇ ಟೇಪಿನಲ್ಲಿ ಸಣ್ಣಗೆ ಕೇಳಿಸಿತು: ಲೊಚ್, ಲೊಚ್, ಲೊಚ್.

"ನೋಡ್ರೇ, ಹಲ್ಲೀನೂ ನಿಜ ಅಂತು!" ಟೇಪಿನೊಳಗಿನ ನೂರಾರು ಹೆಂಗಸರು ಒಟ್ಟಿಗೆ ಕೂಗಿದರು.

ಹಲ್ಲಿ ತಲೆಯೆತ್ತಿ ಕೇಳಿತು: "ಅದು ಯಾರು?"

"ನಿನ್ನ ಮುತ್ತಜ್ಜಿ. ಇದೇ ಗೋಡೆಯ ಮೇಲಿದ್ದಳು," ಎಂದಿತು ಕ್ಯಾಸೆಟ್.

ಹಲ್ಲಿ ಬಾಗಿಲ ಸಂದಿಯತ್ತ ತಿರುಗಿತು. "ಡಬ್ಬಿ ನಿನ್ನದೇ. ನನ್ನ ಮರಿಗಳು ಹುಟ್ಟಲಿ, ಅವಕ್ಕೂ ಕೇಳಿಸು."